ಕೊಂಕಲ್ಲಿನ ಕುಬಸಕ್ಕೆ ನನ್ನ ಫ್ಲ್ಯಾಷು

ಇನ್ನು ಮುಂದೆ ನಮ್ಮ ಬಳಗದ ಯಾವ ಹೆಣ್ಣುಮಗಳ ಮುಖವೂ ಫೋಟೋದಲ್ಲಿ ಸುಣ್ಣ ಬಳಿದ ಗೋಡೆಯಂತೆ ಬೀಳಕೂಡದು!

ಹೀಗೆಂದು ನಾನು ಶಹಾಪುರದ ನಮ್ಮ ಅಡುಗೆಮನೆಯಲ್ಲಿ, ಕೈಗೆಲ್ಲ ಜೋಳದ ಹಿಟ್ಟು ಮೆತ್ತಿಕೊಂಡೇ ಘೋಷಣೆ ಮಾಡಿದೆ. ಘೋಷಣೆ ಕೇಳಲು ಅಲ್ಲಿ ಇದ್ದದ್ದು ಇಬ್ಬರು: ನಮ್ಮ ಯಜಮಾನರು ಚಂದ್ರಾಮಪ್ಪ ಮತ್ತು ಹಂಚಿನ ಮೇಲಿನ ರೊಟ್ಟಿ. ರೊಟ್ಟಿ ಉಬ್ಬಿತು. ಯಜಮಾನರು ಉಬ್ಬಲಿಲ್ಲ.

"ಹಂಗಂದ್ರ ಈಗ ಏನ್ ತರಬೇಕು?" ಎಂದರು. ನನ್ನ ಪ್ರತಿಯೊಂದು ಘೋಷಣೆಗೂ ಒಂದು ಖರ್ಚಿನ ಬಾಲ ಇರುತ್ತದೆಂದು ಅವರಿಗೆ ಅನುಭವದಿಂದ ಗೊತ್ತು.

"ಫ್ಲ್ಯಾಷ್ ತರಬೇಕ್ರಿ. ಕ್ಯಾಮೆರಾದ ನೆತ್ತಿ ಮ್ಯಾಲ ಕೂಡ್ಸೂದು."

"ಅದರಾಗ ಒಂದು ಅದಲ್ಲ?"

"ಅದು ಬೆಳಕ ಚೆಲ್ಲಂಗಿಲ್ರಿ, ಮಾರಿಗೆ ಬಡಿತದ!"

ಕ್ಯಾಮೆರಾ ಅವರದೇ. ಕಾಲುವೆ ಆಫೀಸಿನಲ್ಲಿ ಗುಮಾಸ್ತರಾದ ಅವರು ಯಾವುದೋ ಹುಮ್ಮಸ್ಸಿನಲ್ಲಿ ಒಂದು ಡಿಜಿಟಲ್ ಕ್ಯಾಮೆರಾ ತಂದಿದ್ದರು. ಕಾಲುವೆಯ ಫೋಟೋ ತೆಗೆದರು. ಕಾಲುವೆಯ ಮೇಲಿನ ಸೇತುವೆಯ ಫೋಟೋ ತೆಗೆದರು. ಸೇತುವೆಯ ಮೇಲೆ ನಿಂತು ಮತ್ತೆ ಕಾಲುವೆಯ ಫೋಟೋ ತೆಗೆದರು. ಅಲ್ಲಿಗೆ ಅವರಿಗೆ ಜಗತ್ತು ಮುಗಿಯಿತು. ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ಕ್ಯಾಮೆರಾವನ್ನು ನಾನು ಎತ್ತಿಕೊಂಡೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಕಲಿಸುವವರು ಯಾರೂ ಇರಲಿಲ್ಲ. ಒಂದು ಗುಂಡಿ ಒತ್ತುವುದು, ಏನಾಯಿತೆಂದು ನೋಡುವುದು, ಏನೂ ಸುಡಲಿಲ್ಲವೆಂದು ತಿಂಥಣಿ ಮೌನೇಶಪ್ಪನಿಗೆ ಕೈ ಮುಗಿಯುವುದು, ಇನ್ನೊಂದು ಗುಂಡಿ ಒತ್ತುವುದು. ಹೀಗೇ ಕಲಿತೆ. ಈಗ ನಮ್ಮ ಓಣಿಯಲ್ಲಿ ಯಾರ ಮನೆಯ ತೊಟ್ಟಿಲಾದರೂ ನನ್ನನ್ನೇ ಕರೆಯುತ್ತಾರೆ. ಬಾಣಂತಿಯ ಕೋಣೆಗೆ ಗಂಡಸು ಫೋಟೋಗ್ರಾಫರ್ ಬರುವುದಕ್ಕಿಂತ ರೇಣಮ್ಮ ಬಂದರೆ ಚಂದವಲ್ಲವೇ!

ಘೋಷಣೆಗೆ ಕಾರಣ ನನ್ನ ನಾದಿನಿ ಮಲಕಮ್ಮ. ಆಕೆಯನ್ನು ಕೊಂಕಲ್ಲಿಗೆ ಕೊಟ್ಟಿದ್ದೇವೆ. ಮದುವೆಯ ಫೋಟೋಕ್ಕೆ ನಾವೇ ಗೊತ್ತು ಮಾಡಿದ್ದ ಪುಣ್ಯಾತ್ಮ ಆಲ್ಬಂ ತಂದುಕೊಟ್ಟಾಗ, ಅದರಲ್ಲಿ ಮದುಮಗಳ ಸೀರೆ ಇತ್ತು, ಬಾಸಿಂಗ ಇತ್ತು, ಮುಖ ಇರಬೇಕಾದ ಜಾಗದಲ್ಲಿ ಬೆಳ್ಳಗಿನ ಒಂದು ತಾಟು ಇತ್ತು. ಕಣ್ಣು ಮೂಗುಗಳನ್ನು ನಾವೇ ನೆನಪಿನಿಂದ ಬಡಿಸಿಕೊಳ್ಳಬೇಕು! ಬೀಗತಿ ಮರಿಲಿಂಗಮ್ಮ ಆಲ್ಬಂ ತಿರುವಿ ಹಾಕಿ, "ಇದರಾಗ ನಮ್ಮ ಸೊಸಿ ಯಾವಾಕಿ?" ಎಂದು ಕೇಳಿದ್ದು ನಮ್ಮ ಮನೆಯಲ್ಲಿ ಇನ್ನೂ ಉರಿಯುತ್ತಿದೆ.

ಈಗ ಮಲಕಮ್ಮನಿಗೆ ಚೊಚ್ಚಲ ಬಸಿರು. ತವರಿನವರಾದ ನಾವು ಹಸಿರು ಸೀರೆ, ಕುಬಸದ ಖಣ, ಬಳೆ, ಬುತ್ತಿ ಕಟ್ಟಿಕೊಂಡು ಕೊಂಕಲ್ಲಿಗೆ ಹೋಗಿ ಸೀಮಂತದ ಕುಬಸ ಮಾಡಿ, ಹೆರಿಗೆಗೆ ಕರೆದುಕೊಂಡು ಬರಬೇಕು. ಸೀರೆ ಎಂಥದು ಬೇಕೆಂದು ಫೋನಿನಲ್ಲಿ ಕೇಳಿದರೆ ಆಕೆ ಸೀರೆಯ ಮಾತೇ ಎತ್ತಲಿಲ್ಲ.

"ವೈನಿ, ನನ್ನ ಮಾರಿ ಕಾಣೂವಂಥಾ ಒಂದು ಫೋಟೋ ತೆಗಿ. ಒಂದ ಸಾಕು. ನಿಮ್ಮವ್ವ ಹಿಂಗಿದ್ಳು ಅಂತ ನಾಳಿ ನನ್ನ ಕೂಸಿಗೆ ತೋರ್ಸಾಕರ ಬೇಕಲ್ಲ."

ಇಂಥ ಮಾತು ಕೇಳಿ ಸುಮ್ಮನಿರಲು ನಾನೇನು ಕಲ್ಲೇ? "ಬಂಗಾರದಂಥಾ ಫೋಟೋ ತೆಗೀತೀನಿ, ನೀ ನೋಡಕೋತ ಇರು!" ಎಂದುಬಿಟ್ಟೆ. ನಾಲಿಗೆಗೆ ಎಲುಬಿಲ್ಲದಿದ್ದರೂ ನನ್ನ ನಾಲಿಗೆಗೆ ಆವತ್ತು ಮೀಸೆ ಬಂದಿತ್ತು.

ಮಾತು ಕೊಟ್ಟಾಯಿತು. ಇನ್ನು ಫ್ಲ್ಯಾಷ್ ಆರಿಸಬೇಕು. ದೇವರು ನನಗೆ ಕೊಟ್ಟ ಒಂದೇ ವಿದ್ಯೆ ಎಂದರೆ ಸುಮ್ಮನೆ ಕೂತು ಕೇಳುವುದು. ಬಸ್ ಸ್ಟ್ಯಾಂಡಿನ ಎದುರು ರಾಜಾಸಾಬನ ಸ್ಟುಡಿಯೋ ಇದೆ. ಪಾಸ್‌ಪೋರ್ಟ್ ಫೋಟೋದ ನೆಪ ಮಾಡಿ ಅವನ ಬೆಂಚಿನ ಮೇಲೆ ಕೂತೆ. ಬಂದವರೊಂದಿಗೆ ಅವನು ಆಡಿದ್ದನ್ನೆಲ್ಲ ಕೇಳಿದೆ. ಕೊನೆಗೆ ನಾನೂ ಕೇಳಿದೆ.

"ಕಂಪನಿದು ಅಂದ್ರ ಕಂಪನಿದು ಅಕ್ಕಾರ," ಎಂದ. "ಕ್ಯಾಮೆರಾ ಯಾವ ಕಂಪನಿದದ, ಫ್ಲ್ಯಾಷೂ ಅದೇ ಕಂಪನಿದು ತಗೋಬೇಕು. ಬ್ಯಾರೇವೆಲ್ಲ ಬೇಕಾರ್!"

ಬೆಲೆ ಹೇಳಿದ. ಬೆಂಚಿನ ಮೇಲೆ ಕೂತಿದ್ದಕ್ಕೆ ಬಚಾವಾದೆ.

ಮನೆಯಲ್ಲಿ ವರದಿ ಒಪ್ಪಿಸಿದಾಗ ಯಜಮಾನರು ಹಾರಿಬಿದ್ದರು. "ಕ್ಯಾಮೆರಾಕ್ಕಿಂತ ಅದರ ಲೈಟ್ ತುಟ್ಟಿ? ಎತ್ತಿಗಿಂತ ಅದರ ಕೊಳ್ಳಾಗಿನ ಗೆಜ್ಜಿಗೇ ಹೆಚ್ಚು ರೊಕ್ಕ ಅಂದಂಗಾತು! ನಮ್ಮ ಆಫೀಸಿನ ಅಮಾತೆಪ್ಪನ ಹತ್ತಿರ ಒಂದು ಹಳೇದದ, ರೀಲಿನ ಕಾಲದ್ದು. ಪುಕ್ಕಟ ಕೊಡ್ತಾನ."

"ಬ್ಯಾಡ್ರಿ. ರೀಲಿನ ಕಾಲದ್ದರಾಗ ಕರೆಂಟ್ ಜೋರಿರತದ. ಡಿಜಿಟಲ್ ಕ್ಯಾಮೆರಾಕ್ಕ ಕೂಡ್ಸಿದ್ರ ಒಳಗಿಂದೆಲ್ಲ ಸುಟ್ಟ ಹೋಗ್ತದ."

"ನಿನಗ ಯಾರ್ ಹೇಳಿದ್ರು?"

"ರಾಜಾಸಾಬ ಬ್ಯಾರೆಯವರಿಗೆ ಹೇಳಾಕತ್ತಿದ್ದ."

ಯಜಮಾನರು ನನ್ನನ್ನು ಹೊಸದಾಗಿ ನೋಡಿದರು. ನಾನೂ ಆ ನೋಟಕ್ಕೆ ತಕ್ಕಂತೆ ಸ್ವಲ್ಪ ಎತ್ತರವಾದೆ.

ಮರುದಿನವೇ ಯಾದಗಿರಿಗೆ ಬಸ್ ಹತ್ತಿದೆವು. ಸ್ಟೇಷನ್ ರಸ್ತೆಯ ಅಂಗಡಿಯ ಹಂಪಣ್ಣ ಗಾಜಿನ ಮೇಲೆ ಎರಡು ಮೂರು ಡಬ್ಬಿ ಇಟ್ಟು, "ಸಾಹೇಬ್ರ, ನೋಡ್ರಿ," ಎಂದು ಯಜಮಾನರ ಕಡೆಗೆ ತಳ್ಳಿದ. ಯಜಮಾನರು ನನ್ನ ಕಡೆಗೆ ತಳ್ಳಿದರು. ಹಂಪಣ್ಣನ ಹುಬ್ಬು ಮೇಲೇರಿತು.

"ಇದರ ತಲಿ ತಿರುಗ್ತದೇನ್ರಿ?" ಎಂದೆ. "ಖಾಲಿ ಮ್ಯಾಲ ಕೆಳಗ ಅಲ್ಲ, ಆಜೂಬಾಜೂನೂ ತಿರುಗಬೇಕು. ಬೆಳಕ ಕಡಿಮಿ ಹೆಚ್ಚು ಮಾಡಾಕ ಬರಬೇಕು. ಸಾದಾ ಪೆನ್ಸಿಲ್ ಸೆಲ್ ನಡೀಬೇಕು. ಒಂದ್ಸಲ ಹೊಡದ ಮ್ಯಾಲ ಮತ್ತ ತಯಾರಾಗಾಕ ಎಷ್ಟೊತ್ತು? ನಮ್ಮ ಹೆಣಮಕ್ಕಳು ಆರತಿ ಹಾಡು ನಿಲ್ಸಿ ಇದರ ದಾರಿ ಕಾಯಂಗಿಲ್ಲ."

"ತಂಗೀ, ಸ್ಟುಡಿಯೋ ಇಟ್ಟೀರೇನು?"

ಆ ಒಂದು ಮಾತಿಗೆ ನಾನು ಯಾದಗಿರಿ ಕೋಟೆಯನ್ನು ಒಂದೇ ಉಸಿರಿಗೆ ಹತ್ತಿ ಇಳಿಯುತ್ತಿದ್ದೆ! ಕೊನೆಗೆ ಯಾರೂ ಹೆಸರು ಕೇಳಿರದ ಯಾವುದೋ ಕಂಪನಿಯ, ತಲೆ ತಿರುಗುವ, ಸಾದಾ ಸೆಲ್ಲಿನ, ಕ್ಯಾಮೆರಾದ ಬೆಲೆಗೆ ಗೌರವ ಕೊಟ್ಟು ಅದಕ್ಕಿಂತ ಬಹಳ ಕೆಳಗೆ ಕೂತಿದ್ದ ಒಂದು ಫ್ಲ್ಯಾಷನ್ನು ಆರಿಸಿದೆ.

ನಮ್ಮ ಮನೆಗೆ ಹೊಸದು ಏನೇ ಬರಲಿ, ಗ್ಯಾಸಿನ ಒಲೆಯಿರಲಿ, ಯಜಮಾನರ ಫಟಫಟಿಯಿರಲಿ, ಮೌನೇಶಪ್ಪನ ಪಟದ ಮುಂದಿಟ್ಟು ಪೂಜೆ ಮಾಡದೆ ನಾನು ಬಳಸುವುದಿಲ್ಲ. ಫ್ಲ್ಯಾಷಿಗೆ ಬೇರೆ ಕಾಯಿದೆ ಇದೆಯೇ? ಮಣೆಯ ಮೇಲೆ ಕೂಡಿಸಿದೆ. ಅರಿಶಿಣ ಕಲಸಿ ಅದರ ಬೆನ್ನಿಗೆ ಹಚ್ಚಲು ಹೋದರೆ ಅತ್ತೆ ತಿಮ್ಮವ್ವ ತಡೆದರು.

"ಡುಬ್ಬಕ್ಕ ಯಾಕ ಹಚ್ಚಾಕತ್ತೀದಿ? ದೇವರಿಗೆ ಡುಬ್ಬಕ್ಕ ಹಚ್ತಾರೇನು? ಮಾರಿಗೆ ಹಚ್ಚವ್ವ."

"ಇದರ ಮಾರಿ ಯಾವುದತ್ತಿ?"

"ಬೆಳಕ ಎಲ್ಲಿಂದ ಬರತದ, ಅದ ಮಾರಿ."

ಶಾಸ್ತ್ರಸಮ್ಮತವಾದ ಮಾತು! ಬೆಳಕು ಬರುವ ಆ ಗೀರುಗೀರಿನ ಪ್ಲಾಸ್ಟಿಕ್ಕಿಗೇ ಅರಿಶಿಣ ಬಳಿದೆ, ಊದುಬತ್ತಿ ಬೆಳಗಿದೆ, ಕಾಯಿ ಒಡೆದೆ. ಆಮೇಲೆ ಸೆರಗಿನಿಂದ ಮೇಲಷ್ಟೇ ಒರೆಸಿದೆ. ಪೂಜೆಯ ಅರಿಶಿಣ ತೊಳೆಯಬಾರದಲ್ಲ!

ಮೊದಲ ಫೋಟೋ ಅತ್ತೆಯದೇ. ಗುಂಡಿ ಒತ್ತಿ, ಕ್ಯಾಮೆರಾದ ಹಿಂದಿನ ಪುಟ್ಟ ಪರದೆ ನೋಡಿದೆ. ನನ್ನ ಕಣ್ಣನ್ನು ನಾನೇ ನಂಬಲಿಲ್ಲ! ಅತ್ತೆಯ ಮುಖಕ್ಕೆ ಸಂಜೆಯ ಎಳೆ ಬಿಸಿಲು ಬಿದ್ದ ಹಾಗಿತ್ತು. ಸುಕ್ಕುಗಳೆಲ್ಲ ಬಂಗಾರದ ಗೆರೆಗಳು.

"ಇದು ನಾನ? ನನ್ನ ಲಗ್ನದಾಗೂ ನಾ ಹಿಂಗಿರಲಿಲ್ಲವ್ವಾ!" ಎಂದು ಅತ್ತೆ ಕ್ಯಾಮೆರಾವನ್ನು ಯಜಮಾನರ ಮೂಗಿಗೆ ಹಿಡಿದರು. "ನೋಡೋ ಚಂದ್ರಾಮ, ನಿನ್ನ ಹೇಣತಿ ತಂದ ಸಾಮಾನು!"

ಸುದ್ದಿಗೆ ಕಾಲು ಬಂತು. ಪಕ್ಕದ ಮನೆಯ ಖಾಸಿಂಬೀ ಹೊಸ ಸೀರೆ ಉಟ್ಟುಕೊಂಡೇ ಬಂದಳು. ಅವಳ ಹಿಂದೆ ಓಣಿಯ ಅರ್ಧ ಹೆಂಗಸರು. ಎಲ್ಲರೂ ಬಂಗಾರ! ಮೌನೇಶ್ವರನ ಭಕ್ತೆಯಾದ ನಾನು ಆ ಕೆಲವು ದಿನ ಮಾತ್ರ ಮೌನಕ್ಕೆ ರಜೆ ಕೊಟ್ಟೆ. ಹೆಸರಿಗೆ ಮರುಳಾಗಬಾರದು, ಗುಣ ನೋಡಬೇಕು, ಅಗ್ಗದಲ್ಲೂ ಆರಿಸುವ ಕಣ್ಣು ಬೇಕು ಎಂದು ಬಾವಿಕಟ್ಟೆಯ ಹತ್ತಿರ, ಗಿರಣಿಯ ಹತ್ತಿರ, ಸಂತೆಯಲ್ಲಿ ಉಪದೇಶ ಮಾಡಿದೆ.

ಒಂದು ದಿನ ರಾಜಾಸಾಬನೇ ಮನೆಗೆ ಬಂದ. ಫೋಟೋಗಳನ್ನು ಒಂದೊಂದಾಗಿ ನೋಡಿದ. ಟೊಪ್ಪಿಗೆ ತೆಗೆದು ತಲೆ ಕೆರೆದ.

"ಇಂಥಾ ಕಲರ್ ನನಗ ಬಂದಿಲ್ಲ ಅಕ್ಕಾರ. ಖರೇ ಹೇಳ್ರಿ, ಹ್ಯಾಂಗ ತೆಗದ್ರಿ?"

"ಎಲ್ಲಾ ಫ್ಲ್ಯಾಷ್ ಆರಿಸೂದರಾಗ ಇರತದಪ್ಪ, ರಾಜಾಸಾಬ," ಎಂದೆ. ಅವನ ಬೆಂಚಿನ ಮೇಲೆ ಕದ್ದು ಕಲಿತ ವಿದ್ಯೆಯನ್ನು ಅವನಿಗೇ ಬೋಧಿಸಿದೆ! ಅವನು ಬಾಗಿ ಕೇಳಿಕೊಂಡು ಹೋದ.

ಕುಬಸದ ದಿನ ಬಂತು. ಬೀಗರ ಮನೆಗೆ ಹೋಗುವ ವಸ್ತು ಯಾವುದೂ ಮಾಸಿರಬಾರದೆಂದು ಹಿತ್ತಾಳೆಯ ಆರತಿ ತಟ್ಟೆಯನ್ನು ಹುಣಸೆಹಣ್ಣಿನಿಂದ ತಿಕ್ಕಿದೆ, ಬುತ್ತಿಯ ಡಬ್ಬಿ ತಿಕ್ಕಿದೆ. ಅದೇ ಭರದಲ್ಲಿ ಫ್ಲ್ಯಾಷ್ ಕಣ್ಣಿಗೆ ಬಿತ್ತು. ಇಷ್ಟು ದೊಡ್ಡ ದಿನಕ್ಕೆ ಇಷ್ಟು ಕೊಳಕು ಮುಖವೇ? ಒದ್ದೆ ಬಟ್ಟೆಗೆ ಸಾಬೂನು ಹಚ್ಚಿ ಗೀರುಗೀರಿನಲ್ಲೂ ತಿಕ್ಕಿ ಫಳಫಳ ಮಾಡಿದೆ. ಹೊಸ ಪೂಜೆ ಮಾಡಬೇಕೆನ್ನುವಷ್ಟರಲ್ಲಿ ಹೊರಗೆ ಜೀಪಿನ ಹಾರ್ನ್ ಬಡಿದುಕೊಂಡಿತು. ಮೌನೇಶಪ್ಪಾ, ಬಂದು ಮಾಡುತ್ತೇನೆ ಎಂದು ಕೈ ಮುಗಿದು, ಅತ್ತೆ ಮತ್ತು ಯಜಮಾನರ ಜೊತೆ ಹತ್ತಿದೆ.

ಕೊಂಕಲ್ಲಿನ ಬೀಗರದು ಕಲ್ಲಿನ ಮನೆ. ಪಡಸಾಲೆಯ ಒಂದು ಬಾಗಿಲು ಹೊರ ಅಂಗಳಕ್ಕೆ. ಅದು ಬಿಟ್ಟರೆ ಕಿಟಕಿ ಎನ್ನುವುದು ಕೈ ಹೋಗುವಷ್ಟು. ಮಲಕಮ್ಮ ಹಸಿರು ಸೀರೆ, ಹಸಿರು ಕುಬಸ, ಮೊಳಕೈತನಕ ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕೂತಿದ್ದಳು. ಅವಳ ಎದುರಿಗೆ, ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ರಾಜಾಸಾಬ!

"ನಮ್ಮ ಕಡಿಂದ ಒಬ್ಬಾತ ಇರಲಿ ಅಂತ ಹೇಳಿ ಕರಿಸೀನಿ," ಎಂದರು ಮರಿಲಿಂಗಮ್ಮ. "ಮದಿವ್ಯಾಗ ಸುಟ್ಟಕೊಂಡೀವಿ, ಬ್ಯಾಸರ ಮಾಡ್ಕೋಬ್ಯಾಡ್ರಿ."

ಬೇಸರವೇ? ನಾನು ಮುಗುಳ್ನಕ್ಕೆ. ಬಂಗಾರ ತೋರಿಸಿಯೇ ಉತ್ತರ ಕೊಡುತ್ತೇನೆ ಎಂದು ಮೊಣಕಾಲೂರಿ ಗುಂಡಿ ಒತ್ತಿದೆ. ಟಪ್! ಮರಿಲಿಂಗಮ್ಮ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು.

"ಮತ್ತ ಅದ ತಾಟು ಬಂತಲ್ಲವ್ವಾ!"

ಹೌದು. ಹಸಿರು ಸೀರೆಯ ಮೇಲೆ ಬೆಳ್ಳಗಿನ ತಾಟು. ಬೆಳಕು ಕಡಿಮೆ ಮಾಡಿದೆ: ಬೂದಿ ಬಣ್ಣದ ತಾಟು. ಫ್ಲ್ಯಾಷಿನ ತಲೆಯನ್ನು ಮೇಲಕ್ಕೆ ತಿರುಗಿಸಿದೆ: ಒಲೆಯ ಹೊಗೆಗೆ ಕರಿಹಿಡಿದಿದ್ದ ಮಾಳಿಗೆ ಬೆಳಕನ್ನೆಲ್ಲ ನುಂಗಿ ತೇಗಿತು. ಹಾಡುತ್ತಿದ್ದ ಹೆಂಗಸರು ಹಾಡು ಸಣ್ಣಗೆ ಮಾಡಿ ಕತ್ತು ಉದ್ದ ಮಾಡಿದರು. ಮಲಕಮ್ಮ ನನ್ನನ್ನೇ ನೋಡುತ್ತಿದ್ದಳು. ಆಕೆಯ ಕೆಳದುಟಿ ನಡುಗಲು ಶುರುವಾಗಿತ್ತು.

"ರಾಜಾಸಾಬ, ನೀನರ ತೆಗಿಯಪ್ಪ," ಎಂದೆ. ಗರ್ವವನ್ನು ನುಂಗಿದರೆ ಗಂಟಲಲ್ಲಿ ಎಷ್ಟು ಚುಚ್ಚುತ್ತದೆಂದು ಗೊತ್ತಾಯಿತು.

"ನಾ ಎಲ್ಲಿಂದ ತೆಗೀಲಿ ಅಕ್ಕಾರ!" ಅವನು ಹತ್ತಿರ ಬಂದು ಪಿಸುಗುಟ್ಟಿದ. ಅವನ ಕ್ಯಾಮೆರಾದ ಮೇಲೂ ನನ್ನದೇ ಜಾತಿಯ ಫ್ಲ್ಯಾಷ್ ಕೂತಿತ್ತು! "ನಿಮ್ಮ ಮಾತ ಕೇಳಿ ನನ್ನ ಕಂಪನಿದು ಸುರಪುರದಾಗಿನ ಷಡ್ಡಕಗ ಮಾರಿಬಿಟ್ಟೀನ್ರಿ. ಇದರಾಗ ನನಗೂ ತಾಟ ಬರಾಕತ್ತದ. ನಿಮಗಷ್ಟ ಬಂಗಾರ ಬರತದ, ಇದರಾಗ ಏನರ ಗುಟ್ಟದ ಅಂತ ತಿಳಕೊಂಡಿದ್ದೆ. ನನ್ನ ಇಜ್ಜತ್ ಉಳಿಸ್ರಿ!"

ಒಂದೇ ಮನೆಯಲ್ಲಿ ಎರಡು ಫ್ಲ್ಯಾಷ್, ಎರಡೂ ನನ್ನ ಆಯ್ಕೆ, ಎರಡೂ ದಂಡ! ಆಗ ಮೂಲೆಯಲ್ಲಿ ಕೂತಿದ್ದ ಅತ್ತೆ ತಿಮ್ಮವ್ವ ಬಾಯಿ ತೆಗೆದರು.

"ಮುಂಜಾನಿ ಅದಕ್ಕ ಪೂಜಿ ಮಾಡೀದೇನು?"

"ಇಲ್ಲತ್ತಿ, ಹೊತ್ತಾಗಿತ್ತು. ಖಾಲಿ ಚೊಕ್ಕ ತೊಳಕೊಂಡ ಬಂದೀನಿ."

"ಹಚ್ಚಿದ್ದ ಅರಿಷಿಣಾ ತೊಳದಿ? ಮತ್ತ ಎಲ್ಲಿಂದ ಬರಬೇಕು ಕಳೆ! ಸಿಟ್ಟಾಗೇದ ಅದು."

ಅತ್ತೆ ಆಡಿದ್ದು ಭಕ್ತಿಯ ಮಾತು. ಆದರೆ ನನ್ನ ತಲೆಯೊಳಗೆ ಟಪ್ಪೆಂದು ಏನೋ ಹೊತ್ತಿತು. ಗೀರುಗೀರುಗಳಲ್ಲಿ ಉಳಿದಿದ್ದ ತೆಳ್ಳನೆಯ ಅರಿಶಿಣ! ಬೆಳಕು ಅದರೊಳಗಿಂದ ಹಾದು ಬಂದಿತ್ತು! ಇಷ್ಟು ದಿನ ಬಾವಿಕಟ್ಟೆಯಿಂದ ಸಂತೆಯವರೆಗೆ ನಾನು ಸಾರಿದ್ದ ನನ್ನ ಆಯ್ಕೆಯ ಮಹಿಮೆ ನಿಜಕ್ಕೂ ಅಂಗಡಿಯ ಅರಿಶಿಣದ ಮಹಿಮೆ!

"ಅರಿಷಿಣ ತರ್ರಿ!" ಎಂದು ಕೂಗಿದೆ.

ಕುಬಸದ ಮನೆಯಲ್ಲಿ ಅರಿಶಿಣಕ್ಕೆ ಬರವೇ? ನಾಲ್ಕು ಕಡೆಯಿಂದ ನಾಲ್ಕು ಬಟ್ಟಲು ಬಂದವು. ಅವಸರದಲ್ಲಿ ದಪ್ಪಗೆ ಬಳಿದು ಒಂದು ತೆಗೆದೆ.

"ಅಯ್ಯ, ಹುಡುಗಿಗಿ ಹಳದಿ ಕಾಮಣಿ ಆದಂಗ ಕಾಣತದ!" ಎಂದರು ಮರಿಲಿಂಗಮ್ಮ.

ಒರೆಸಿದೆ. ಪುಣ್ಯ ಬರಲೆಂದು ಯಾವಳೋ ಮುತ್ತೈದೆ ನಡುವೆ ಕೈ ಹಾಕಿ ಒಂದು ಚಿಟಿಕೆ ಕುಂಕುಮ ಸೇರಿಸಿದಳು. ಈ ಸಲ ಮಲಕಮ್ಮ ಖಾರ ತಿಂದವರಂತೆ ಕೆಂಪಗೆ ಬಂದಳು. ಮತ್ತೆ ಒರೆಸಿದೆ. ಕ್ಯಾಮೆರಾವನ್ನು ಯಜಮಾನರ ಕೈಗೆ ಕೊಟ್ಟು, ಫ್ಲ್ಯಾಷ್ ಕಿತ್ತುಕೊಂಡು, ನೆಲದ ಮೇಲೆ ಕಾಲು ಚಾಚಿ ಕೂತೆ. ಎರಡು ಮೊಣಕಾಲಿನ ನಡುವೆ ಅದನ್ನು ಸಿಗಿಸಿ, ಬೆರಳ ತುದಿಯಿಂದ ಎಣ್ಣೆ ಸವರಿದಂತೆ ತೆಳ್ಳಗೆ ಸವರತೊಡಗಿದೆ. ಪಕ್ಕದಲ್ಲಿ ರಾಜಾಸಾಬನೂ ತನ್ನದನ್ನು ಹಿಡಿದು ಕೂತ.

"ಇಷ್ಟ ಸಾಕೇನ್ರಿ ಅಕ್ಕಾರ?"

"ಇನ್ನಾ ಜರಾ ಅಂಚಿಗೆ ಹಚ್ಚು. ಅಂಚಿಗೋ ಮಾರಾಯ, ನಿನ್ನ ಅಂಗಿಗಲ್ಲ!"

ಮೂಗು ತುರಿಸಿತು, ಮರೆತು ತುರಿಸಿಕೊಂಡೆ. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನಗಲಿ ಎಂದು ತಲೆಯೆತ್ತದೆ ಸವರಿದೆ.

ಆಮೇಲೆ ಫ್ಲ್ಯಾಷನ್ನು ಕ್ಯಾಮೆರಾಕ್ಕೆ ಸಿಗಿಸಿ ಒತ್ತಿದೆ. ಬಂಗಾರ! ಇನ್ನೊಂದು. ಬಂಗಾರ! ಆರತಿಯ ಬಂಗಾರ, ಉಡಿ ತುಂಬುವ ಬಂಗಾರ, ಬೀಗತಿಯೂ ಬಂಗಾರ! ಮರಿಲಿಂಗಮ್ಮ ತಮ್ಮ ಫೋಟೋವನ್ನು ಬಹಳ ಹೊತ್ತು ನೋಡಿ, "ಯವ್ವಾ, ಹಿಂತಾವು ಎರಡು ನನ್ನವೂ ತೆಗಿ," ಎಂದರು. ಮದುವೆಯ ಆಲ್ಬಮ್ಮಿನ ಉರಿ ಅಲ್ಲಿಗೆ ಆರಿತು. ರಾಜಾಸಾಬ ನನಗೆ ಸಲಾಂ ಹೊಡೆದ. ಮಲಕಮ್ಮನನ್ನು ಕರೆದುಕೊಂಡು ಶಹಾಪುರಕ್ಕೆ ಮರಳುವಾಗ ಜೀಪಿನಲ್ಲಿ ನನ್ನ ತಲೆ ಮೇಲಿನ ತಾಡಪತ್ರಿಗೆ ತಾಗುತ್ತಿತ್ತು!

ಎರಡು ದಿನ ಬಿಟ್ಟು ರಾಜಾಸಾಬ ನಮ್ಮ ಕ್ಯಾಮೆರಾದಲ್ಲಿದ್ದ ಎಲ್ಲ ಫೋಟೋಗಳ ಪ್ರಿಂಟ್ ಹಾಕಿ ತಂದ. ಮಲಕಮ್ಮ ಚಾಪೆಯ ಮೇಲೆ ಹರವಿಕೊಂಡು ಕೂತಳು. ನಾನು ಎದುರಿಗೆ ನಿಂತು, ಯಾವುದನ್ನು ಎತ್ತಿದರೂ ವಿನಯದಿಂದ ತಲೆ ಬಾಗಿಸಲು ಸಿದ್ಧಳಾಗಿದ್ದೆ. ಆಕೆ ಬಂಗಾರಗಳನ್ನೆಲ್ಲ ಒಂದೊಂದಾಗಿ ಪಕ್ಕಕ್ಕೆ ಸರಿಸಿದಳು. ಒಂದು ಫೋಟೋ ಮಾತ್ರ ಕೈಯಲ್ಲಿ ಉಳಿಯಿತು. ಅದನ್ನು ಎದೆಗೆ ಒತ್ತಿಕೊಂಡಳು.

"ಇದಾ ವೈನಿ. ನನಗ ಬೇಕಾದದ್ದು ಇದಾ. ಕಟ್ಟು ಹಾಕಿಸಿ ಕೊಡು."

ಇಸಿದುಕೊಂಡು ನೋಡಿದೆ. ಬಂಗಾರ ಇರಲಿಲ್ಲ. ಅಂಗಳದ ಬಾಗಿಲಿನಿಂದ ಬಂದ ಬರೀ ಹಗಲಿನ ಬೆಳಕು. ಅದರಲ್ಲಿ ಮಲಕಮ್ಮ ತಲೆ ಹಿಂದಕ್ಕೆ ಚೆಲ್ಲಿ, ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಕಣ್ಣು, ಮೂಗು, ಕೆನ್ನೆಯ ಗುಳಿ, ಎಲ್ಲ ಇದ್ದ ಹಾಗೇ ಇದ್ದವು.

"ಇದನ್ನ ನಾ ಯಾವಾಗ ತೆಗದೆ?"

"ನೀ ಅಲ್ಲ," ಎಂದರು ಯಜಮಾನರು ಪೇಪರಿನಿಂದ ಕಣ್ಣೆತ್ತದೆ. "ನನ್ನ ಕೈಯಾಗ ಕೊಟ್ಟು ನೀ ಅರಿಷಿಣ ಹಚ್ಚಾಕತ್ತಿದ್ದಿ. ಸುಮ್ನ ಒಂದು ಒತ್ತಿದೆ. ಬಂದದ."

"ಫ್ಲ್ಯಾಷೇ ಇದ್ದಿಲ್ಲಲ್ರಿ ಅದಕ್ಕ!"

"ಅದಕ್ಕ ನನ್ನ ಮಾರಿ ಕಂಡದ, ವೈನಿ," ಎಂದಳು ಮಲಕಮ್ಮ.

ಫೋಟೋದ ಕೆಳಗಿನ ಮೂಲೆಯಲ್ಲಿ ಏನೋ ಒಂದು ಹಳದಿ ಗಡ್ಡೆ ಇತ್ತು. ಬೆಳಕಿಗೆ ಹಿಡಿದು ನೋಡಿದೆ. ಅದು ನಾನು! ಕಾಲು ಚಾಚಿ, ನಾಲಿಗೆ ಹೊರಗೆ ಹಾಕಿ, ಮೂಗಿನ ತುಂಬ ಅರಿಶಿಣ ಮೆತ್ತಿಕೊಂಡ ನಾನು!

"ಈ ಮೂಲೀದು ಕತ್ತರಿಸಿ ಕಟ್ಟು ಹಾಕಿಸಿದ್ರಾತು," ಎಂದೆ, ಉಳಿದಷ್ಟು ಮಾನವನ್ನು ಒಟ್ಟುಗೂಡಿಸಿ.

ಅತ್ತೆ ತಿಮ್ಮವ್ವ ಫೋಟೋವನ್ನು ನನ್ನ ಕೈಯಿಂದ ಕಿತ್ತುಕೊಂಡರು.

"ಅದನ್ನ ಕತ್ತರಿಸಿದ್ರ ಆಕಿ ಯಾಕ ನಗಾಕತ್ತಾಳ ಅಂತ ಕೂಸಿಗೆ ಹ್ಯಾಂಗ ತಿಳಿಬೇಕು? ಕೇಳಿಲ್ಲಿ. ತೊಟ್ಟಲದಾಗೂ ಫೋಟೋ ಚಂದ್ರಾಮನ ತೆಗೀಲಿ. ನೀ ಎದುರಿಗೆ ಕುಂತು ಏನರ ಒಂದು ಹಚ್ಚಕೋತ ಇರು, ಸಾಕು!"